ಒಂದು ವಾರ, ಒಂದೇ ಕಥೆ: ಓದಿ ಹೇಳುತ್ತಾ ಮಕ್ಕಳಿಗೆ ಪದ ಮತ್ತು ಅರ್ಥ ಕಲಿಸುವುದು ಹೇಗೆ?

"ದಿನಾ ರಾತ್ರಿ ಕಥೆ ಓದಿ ಹೇಳ್ತೀವಿ. ಮಗು ಕಣ್ಣರಳಿಸಿ ಕೇಳುತ್ತೆ. ಬೆಳಗ್ಗೆ ಎದ್ದು ಕಥೆಯಲ್ಲಿ ಏನಾಯ್ತು ಅಂದ್ರೆ ಗೊತ್ತಿಲ್ಲ ಅನ್ನುತ್ತೆ. ಹೊಸ ಪದ ಒಂದೂ ಬಾಯಿಗೆ ಬರಲ್ಲ."

ಈ ಮಾತನ್ನು ಅಪ್ಪ ಅಮ್ಮಂದಿರಿಂದಲೂ ಅಂಗನವಾಡಿ ಕಾರ್ಯಕರ್ತೆಯರಿಂದಲೂ ಎಷ್ಟೋ ಸಲ ಕೇಳಿದ್ದೇನೆ. ಇವರು ಓದುವುದರಲ್ಲಿ ಸೋಮಾರಿತನ ಮಾಡುವವರಲ್ಲ. ಎಡವುವುದು ಕ್ರಮದಲ್ಲಿ. ದಿನಕ್ಕೊಂದು ಹೊಸ ಕಥೆ ಓದುತ್ತಾರೆ. ಸಾಲು ಸಾಲಿಗೂ ನಿಲ್ಲಿಸಿ ಅರ್ಥ ಹೇಳುತ್ತಾರೆ. ಕಥೆ ಮುಗಿದ ಕೂಡಲೇ ಪರೀಕ್ಷೆ ಶುರು ಮಾಡುತ್ತಾರೆ. ಮಗುವಿನ ತಲೆಯಲ್ಲಿ ಕಥೆ ಕೂರುವುದಕ್ಕೂ ಸಮಯ ಸಿಗುವುದಿಲ್ಲ, ಪದ ಕೂರುವುದಕ್ಕೂ ಸಿಗುವುದಿಲ್ಲ.

ಕೆಳಗಿನ ಹಂತಗಳು ಮೂರೂವರೆಯಿಂದ ಏಳು ವರ್ಷದ ಮಕ್ಕಳಿಗೆ. ಉದಾಹರಣೆಗೆ ಎಲ್ಲರಿಗೂ ಗೊತ್ತಿರುವ ಕಾಗಕ್ಕ ಗುಬ್ಬಕ್ಕನ ಕಥೆ ತೆಗೆದುಕೊಂಡಿದ್ದೇನೆ. ಕಾಗಕ್ಕನದು ಸಗಣಿ ಮನೆ, ಗುಬ್ಬಕ್ಕನದು ಕಲ್ಲಿನ ಮನೆ. ಜೋರು ಮಳೆ ಬಂದು ಕಾಗಕ್ಕನ ಮನೆ ಹೋಗುತ್ತದೆ. ಅವಳು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಪ್ರತಿ ಸಲವೂ ಒಂದೊಂದು ಕೆಲಸ ಹೇಳಿ ಕಾಯಿಸುತ್ತಾಳೆ.

ಏನೇನು ಬೇಕು?

ದಿನಕ್ಕೆ ಹತ್ತರಿಂದ ಹದಿನೈದು ನಿಮಿಷ. ಚಿತ್ರ ಇರುವ ಒಂದು ಕಥೆ. ಪೆನ್ಸಿಲ್, ನಾಲ್ಕು ತುಂಡು ಕಾಗದ. ಒಂದು ಹಿಡಿ ಮಣ್ಣು, ಒಂದು ಕಲ್ಲು, ಒಂದು ತಂಬಿಗೆ ನೀರು. ಅಷ್ಟೇ.

ಪುಸ್ತಕ ಕೊಳ್ಳಲು ಆಗದಿದ್ದರೆ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಅಲ್ಲಿ ಕಥೆಗಳನ್ನು ಒಂದರಿಂದ ನಾಲ್ಕರವರೆಗೆ ಮಟ್ಟ ಮಾಡಿ ಇಟ್ಟಿದ್ದಾರೆ. ಮೊಬೈಲಿನಲ್ಲಿ ಓದುವುದಾದರೆ ಇಂಟರ್‌ನೆಟ್ ಆಫ್ ಮಾಡಿ. ನಡುವೆ ಒಂದು ಮೆಸೇಜ್ ಬಂದರೆ ಕಥೆಯ ದಾರ ಅಲ್ಲೇ ಕಿತ್ತುಹೋಗುತ್ತದೆ.

ಹಂತ 1: ಮತ್ತೆ ಮತ್ತೆ ಬರುವ ಸಾಲಿರುವ ಕಥೆ ಆರಿಸಿ

ಒಂದೇ ಮಾತು ಮೂರು ನಾಲ್ಕು ಸಲ ಬರುವ ಕಥೆ ಬೇಕು. "ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು ತೆಗಿ" ಅನ್ನುವಂಥದ್ದು. ಎರಡನೇ ಸಲ ಬರುವಾಗಲೇ ಮಗು ಬಾಯಿ ಸೇರಿಸುತ್ತದೆ. ಮಾತು ಬರಲು ಇನ್ನೂ ತಡವರಿಸುವ ಮಗುವಿಗೂ ಇಲ್ಲೊಂದು ಜಾಗ ಸಿಗುತ್ತದೆ.

ಓದಿದರೆ ಐದಾರು ನಿಮಿಷದಲ್ಲಿ ಮುಗಿಯಬೇಕು. ಪಾತ್ರಗಳು ಎರಡೋ ಮೂರೋ ಇರಲಿ. ರಾಜನಿಗೆ ಏಳು ಮಕ್ಕಳು, ಏಳು ಮಕ್ಕಳಿಗೆ ಏಳು ಹೆಂಡತಿಯರು ಇರುವ ಕಥೆ ಆರು ವರ್ಷ ದಾಟಿದ ಮೇಲಾಗಲಿ.

ಹಂತ 2: ಮೊದಲು ನೀವೊಬ್ಬರೇ ಓದಿ, ನಾಲ್ಕು ಪದ ಆರಿಸಿಕೊಳ್ಳಿ

ಹೆಚ್ಚಿನವರು ಬಿಟ್ಟೇಬಿಡುವ ಹಂತ ಇದು. ಮಗುವಿನ ಮುಂದೆಯೇ ಮೊದಲ ಸಲ ಪುಸ್ತಕ ತೆರೆದರೆ ಯಾವ ಪದ ತೊಡಕು ಅಂತ ನಿಮಗೆ ಗೊತ್ತಾಗುವುದು ಅಲ್ಲಿಗೆ ಬಂದಾಗಲೇ.

ಪದ ಆರಿಸಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಈ ಪದ ಗೊತ್ತಿಲ್ಲದಿದ್ದರೆ ಕಥೆ ಅರ್ಥವಾಗದೆ ಹೋಗುತ್ತದಾ? ಕಥೆಯ ಹೊರಗೂ ಮಗುವಿಗೆ ಇದು ಬಳಕೆಗೆ ಬರುತ್ತದಾ? ಮಗುವಿಗೆ ಈಗಾಗಲೇ ಗೊತ್ತಿರುವ ಮಾತುಗಳಲ್ಲೇ ಇದನ್ನು ವಿವರಿಸಬಹುದಾ? ಮೂರಕ್ಕೂ ಹೌದು ಅನ್ನಿಸಿದ ಪದವನ್ನು ಇಟ್ಟುಕೊಳ್ಳಿ.

ಕಾಗಕ್ಕ ಗುಬ್ಬಕ್ಕನಿಗೆ ನಾನು ಇಟ್ಟುಕೊಳ್ಳುವ ಪದಗಳು ಇವು: ಕೊಚ್ಚಿಹೋಗು, ತೊಯ್ದು ತೊಪ್ಪೆಯಾಗು, ಆಸರೆ, ಅಂಗಲಾಚು. ಪುಸ್ತಕದಲ್ಲಿ ಇವು ಇಲ್ಲದಿದ್ದರೆ ಓದುವಾಗ ನಾನೇ ಸೇರಿಸುತ್ತೇನೆ. ನಾಲ್ಕಕ್ಕಿಂತ ಜಾಸ್ತಿ ಬೇಡ. ನಾಲ್ಕು ವರ್ಷದ ಒಳಗಿನವರಿಗೆ ಎರಡು ಸಾಕು.

ಒನಕೆ, ಮೊರ, ಕಣಜ, ಬೀಸುಕಲ್ಲು ಇಂಥ ಪದ ಬಂದರೆ ಏನು ಮಾಡಬೇಕು ಅಂತ ಕೇಳುತ್ತಾರೆ. ಅವು ವಸ್ತುಗಳ ಹೆಸರು. ಚಿತ್ರ ತೋರಿಸಿ, ಅಜ್ಜಿಯ ಮನೆಯಲ್ಲಿದ್ದರೆ ಮುಟ್ಟಿಸಿ, ಮುಂದೆ ಹೋಗಿ. ನಿಮ್ಮ ಸಮಯ ಹೋಗಬೇಕಾದದ್ದು ಕೆಲಸ ಹೇಳುವ ಪದಗಳಿಗೆ ಮತ್ತು ಮನಸ್ಸಿನ ಪದಗಳಿಗೆ. ಮುನಿಸು, ಕನಿಕರ, ಹಟ, ಪೇಚಾಟ ಇವನ್ನು ಬೆರಳು ಮಾಡಿ ತೋರಿಸಲು ಆಗುವುದಿಲ್ಲ. ಕಥೆಯೊಳಗೇ ಸಿಗಬೇಕು.

ಕನ್ನಡದಲ್ಲಿ ಇನ್ನೊಂದು ಕಡೆ ಎಚ್ಚರ ಬೇಕು. ಒಂದೇ ರೂಪದ ಪದಕ್ಕೆ ಎರಡು ಅರ್ಥ ಇರುವುದು. ನನ್ನ ಮಗಳಿಗೆ ನಾಲ್ಕು ವರ್ಷ ಇದ್ದಾಗ "ಕಾಗಕ್ಕ ಮಳೆಯಲ್ಲಿ ನೆನೆದಳು" ಅಂತ ಓದಿದೆ. "ಏನನ್ನು ನೆನೆದಳು ಅಮ್ಮಾ?" ಅಂದಳು. ದೇವರನ್ನು ನೆನೆಯುವುದು ಅವಳಿಗೆ ಗೊತ್ತಿತ್ತು, ಮಳೆಯಲ್ಲಿ ನೆನೆಯುವುದು ಗೊತ್ತಿರಲಿಲ್ಲ. ಅವಳು ಕೇಳಿದ್ದಕ್ಕೆ ನನಗೆ ತಿಳಿಯಿತು. ಕೇಳದೆ ಸುಮ್ಮನಿರುವ ಮಕ್ಕಳೇ ಜಾಸ್ತಿ. ಹರಿ ಪದವೂ ಹಾಗೆಯೇ. ನೀರೂ ಹರಿಯುತ್ತದೆ, ಬಟ್ಟೆಯೂ ಹರಿಯುತ್ತದೆ. ಇಂಥ ಪದ ಕಂಡರೆ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.

ಹಂತ 3: ಮೊದಲ ದಿನ ನಿಲ್ಲಿಸದೆ ಓದಿ

ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಚಿತ್ರ ಅದರ ಕಣ್ಣಿಗೆ ಸರಿಯಾಗಿ ಕಾಣಬೇಕು. ಮುಖಪುಟ ತೋರಿಸಿ ಒಂದೇ ಮಾತು ಹೇಳಿ: "ಇವಳು ಕಾಗಕ್ಕ, ಇವಳು ಗುಬ್ಬಕ್ಕ. ಇಬ್ಬರ ಮನೆಯನ್ನೂ ನೋಡು." ಆಮೇಲೆ ಓದುತ್ತಾ ಹೋಗಿ.

ಈ ದಿನ ಪ್ರಶ್ನೆ ಇಲ್ಲ, ಅರ್ಥ ಹೇಳುವುದೂ ಇಲ್ಲ. ಮಗುವೇ ಕೇಳಿದರೆ ಎರಡು ಪದದಲ್ಲಿ ಹೇಳಿ ಮುಂದುವರಿಯಿರಿ. ಮೊದಲು ಕಥೆ ಪೂರ್ತಿ ಒಳಗೆ ಹೋಗಬೇಕು. ಪದಗಳನ್ನು ನೇತುಹಾಕಲು ಒಂದು ಗೂಟ ಬೇಕು ಅಲ್ವಾ? ಕಥೆಯೇ ಆ ಗೂಟ.

ದನಿ ಬದಲಿಸಿ. ಕಾಗಕ್ಕನಿಗೆ ಒರಟು ದನಿ, ಗುಬ್ಬಕ್ಕನಿಗೆ ಸಣ್ಣ ದನಿ. ಮಳೆ ಧೋ ಧೋ ಸುರಿಯಲಿ, ಬಾಗಿಲು ದಬದಬ ಬಡಿಯಲಿ, ಕಾಗಕ್ಕ ಗಡಗಡ ನಡುಗಲಿ. ಈ ಜೋಡಿ ಸದ್ದುಗಳು ಕನ್ನಡ ನಮಗೆ ಕೊಟ್ಟಿರುವ ದೊಡ್ಡ ಅನುಕೂಲ. ಗಡಗಡ ಎಂಬ ಸದ್ದು ಕೇಳಿದರೆ ನಡುಗು ಪದದ ಅರ್ಥ ಅರ್ಧ ತಾನಾಗಿಯೇ ಬರುತ್ತದೆ. ಇವನ್ನು ಅವಸರದಲ್ಲಿ ನುಂಗಬೇಡಿ.

ಪುಸ್ತಕದ ಕನ್ನಡ ಮತ್ತು ಮನೆಯ ಕನ್ನಡ ಬೇರೆ ಬೇರೆ ಇದ್ದರೆ? ಮೊದಲ ದಿನ ನಿಮ್ಮ ಮನೆ ಮಾತಿನಲ್ಲೇ ಹೇಳಿ. ಧಾರವಾಡದ ಕಡೆಯವರು "ಕದಾ ತಗೀ" ಅನ್ನಲಿ. ಎರಡನೇ ದಿನ ಪುಸ್ತಕದಲ್ಲಿ ಬಾಗಿಲು ಅಂತ ಬಂದಾಗ ಮಗುವಿಗೆ ಕದ, ಬಾಗಿಲು ಎರಡೂ ಸಿಕ್ಕಂತಾಯಿತು. ಮನೆಯಲ್ಲಿ ತುಳು, ಕೊಂಕಣಿ, ಉರ್ದು, ತೆಲುಗು ಮಾತಾಡುವವರೂ ಇದನ್ನೇ ಮಾಡಬಹುದು. ಮನೆಯ ಭಾಷೆಯಲ್ಲಿ ಕಥೆ ಗೊತ್ತಾಗಿದ್ದರೆ ಕನ್ನಡದಲ್ಲಿ ಬರೀ ಪದ ಕಲಿತರೆ ಸಾಕಾಗುತ್ತದೆ. ಎರಡನ್ನೂ ಒಟ್ಟಿಗೆ ಹೊರುವುದು ಕಷ್ಟ.

ಹಂತ 4: ಎರಡನೇ ದಿನ ಅದೇ ಕಥೆ, ಈಗ ಪದಗಳು

"ಅಯ್ಯೋ, ಮತ್ತೆ ಅದೇ ಕಥೆನಾ?" ಅಂತ ಬೇಜಾರಾಗುವುದು ದೊಡ್ಡವರಿಗೆ. ಮಕ್ಕಳಿಗೆ ಮುಂದೆ ಏನಾಗುತ್ತದೆ ಅಂತ ಗೊತ್ತಿರುವುದೇ ಖುಷಿ. ಮುಂದೇನಾಗುತ್ತೋ ಅನ್ನುವ ಭಯ ಹೋದಾಗ ಅವರ ಕಿವಿ ಪದಗಳ ಕಡೆ ತಿರುಗುತ್ತದೆ.

ಆರಿಸಿದ ಪದ ಬಂದಾಗ ಅರೆ ಕ್ಷಣ ನಿಲ್ಲಿ. ಒಂದು ಸಾಲಿನಲ್ಲಿ ಅರ್ಥ ಹೇಳಿ. ಮತ್ತೆ ಅದೇ ವಾಕ್ಯ ಓದಿ. ಹತ್ತು ಸೆಕೆಂಡಿನ ಕೆಲಸ.

ಅರ್ಥ ಹೇಳುವ ಬಗೆಯೇ ಇಲ್ಲಿ ಮುಖ್ಯ. "ಆಸರೆ ಅಂದರೆ ಆಶ್ರಯ" ಅಂದರೆ ಗೊತ್ತಿಲ್ಲದ ಒಂದು ಪದದ ಬದಲು ಗೊತ್ತಿಲ್ಲದ ಇನ್ನೊಂದು ಪದ ಕೊಟ್ಟಂತೆ. "ಆಸರೆ ಅಂದರೆ ಶೆಲ್ಟರ್" ಅಂದರೂ ಅಷ್ಟೇ. ನಾಲ್ಕು ವರ್ಷದ ಮಗುವಿಗೆ ಆ ಇಂಗ್ಲಿಷ್ ಪದ ಗೊತ್ತಿರುವುದಿಲ್ಲ. ಇಂಗ್ಲಿಷ್‌ನಲ್ಲೇ ಬೆಳೆಯುತ್ತಿರುವ, ಹೊರದೇಶದಲ್ಲಿರುವ ಮಗುವಾದರೆ ಒಂದು ಸಲ ಹೇಳಿ, ಕೂಡಲೇ ಕನ್ನಡ ಪದಕ್ಕೆ ವಾಪಸ್ ಬನ್ನಿ. ನಾನು ಹೇಳುವುದು ಹೀಗೆ:

ಆಸರೆ ಅಂದರೆ ಮಳೆ ಬಂದಾಗ, ಕಷ್ಟ ಬಂದಾಗ ನಾವು ಹೋಗಿ ಸೇರಿಕೊಳ್ಳುವ ಜಾಗ. ಬಸ್‌ ಸ್ಟಾಪ್‌ ಕೆಳಗೆ ನಿಂತ್ಕೊಂಡ್ವಲ್ಲ, ಅದು ನಮಗೆ ಆಸರೆ.

ಅಂಗಲಾಚುವುದು ಅಂದರೆ ತುಂಬಾ ಬೇಕಾದಾಗ ಬಿಡದೆ, ದಮ್ಮಯ್ಯ ಅಂತ ಮತ್ತೆ ಮತ್ತೆ ಕೇಳುವುದು.

ತೊಯ್ದು ತೊಪ್ಪೆಯಾಗುವುದು ಅಂದರೆ ಮೈ, ತಲೆ, ಬಟ್ಟೆ ಎಲ್ಲಾ ಒದ್ದೆಯಾಗಿ ನೀರು ತೊಟ್ಟಿಕ್ಕುವುದು.

ಕೊಚ್ಚಿಹೋಗುವುದನ್ನು ಹೇಳುವುದಕ್ಕಿಂತ ತೋರಿಸುವುದು ಮೇಲು. ಓದು ಮುಗಿದ ಮೇಲೆ ಅಂಗಳದಲ್ಲೋ ಬಚ್ಚಲಲ್ಲೋ ಒದ್ದೆ ಮಣ್ಣಿನ ಒಂದು ಪುಟ್ಟ ಮನೆ ಮಾಡಿ. ಪಕ್ಕದಲ್ಲಿ ಕಲ್ಲಿಡಿ. ಮಗುವಿನ ಕೈಗೆ ತಂಬಿಗೆ ಕೊಡಿ. ಮೊದಲು ನಾಲ್ಕು ಹನಿ: ಮನೆ ಸೋರಿತು. ಆಮೇಲೆ ಸಣ್ಣ ಧಾರೆ: ಗೋಡೆ ಕರಗಿತು, ಕುಸಿಯಿತು. ಆಮೇಲೆ ಇಡೀ ತಂಬಿಗೆ: ಮನೆ ಕೊಚ್ಚಿಹೋಯಿತು. ಕಲ್ಲು ಅಲ್ಲೇ ಇದೆ. ಒಂದೇ ನೀರು ನಾಲ್ಕು ಬೇರೆ ಪದ ಕಲಿಸಿತು. ಪ್ರತಿ ಸಲವೂ ನೀವು ಪದವನ್ನು ಗಟ್ಟಿಯಾಗಿ ಹೇಳಬೇಕು. ಸುಮ್ನೆ ನೀರಾಟ ಆಡಿದರೆ ಪದ ಬರುವುದಿಲ್ಲ.

ಇಂಗ್ಲಿಷ್ ಮಾಧ್ಯಮದ ಮಕ್ಕಳಲ್ಲಿ ಕೆಲಸ ಹೇಳುವ ಪದಗಳ ತೊಂದರೆ ಎದ್ದು ಕಾಣುತ್ತದೆ. ಎಲ್ಲವೂ "ಬ್ರೇಕ್ ಆಯ್ತು". ಕನ್ನಡದಲ್ಲಿ ಮಡಕೆ ಒಡೆಯುತ್ತದೆ, ಕಡ್ಡಿ ಮುರಿಯುತ್ತದೆ, ಕಾಗದ ಹರಿಯುತ್ತದೆ, ಗೋಡೆ ಕುಸಿಯುತ್ತದೆ. ಈ ಜಾಣ್ಮೆಯನ್ನು ಮಗು ಪಟ್ಟಿ ನೋಡಿ ಕಲಿಯುವುದಿಲ್ಲ. ಕಥೆಯಲ್ಲಿ ಕೇಳಿ, ಕೈಯಲ್ಲಿ ಮಾಡಿ ಕಲಿಯುತ್ತದೆ.

ಪದ ಕೂತಿದೆಯಾ ಅಂತ ನೋಡಲು "ಅಂಗಲಾಚು ಅಂದರೇನು?" ಅಂತ ಕೇಳಬೇಡಿ. ಅರ್ಥ ಗೊತ್ತಿದ್ದರೂ ಹೇಳಲು ಬರದು, ದೊಡ್ಡವರಿಗೂ ಬರದು. ಬದಲಿಗೆ ಎರಡು ಸನ್ನಿವೇಶ ಕೊಡಿ. "ಅಂಗಡಿಯಲ್ಲಿ ಒಂದು ಕೆ.ಜಿ. ಸಕ್ಕರೆ ಕೊಡಿ ಅಂದೆ. ಇದು ಅಂಗಲಾಚುವುದಾ? ಪಾರ್ಕಿನಲ್ಲಿ ಇನ್ನೊಂದೇ ಸಲ ಜಾರ್ತೀನಿ, ಪ್ಲೀಸ್ ಅಮ್ಮಾ, ಪ್ಲೀಸ್ ಅಂದೆಯಲ್ಲ, ಅದು ಅಂಗಲಾಚುವುದಾ?" ಮಗು ಸರಿಯಾದದ್ದನ್ನು ಹಿಡಿದರೆ ಪದ ಅದರದಾಯಿತು.

ಹಂತ 5: ಮೂರನೇ ದಿನ ಪ್ರಶ್ನೆ, ಆದರೆ ಪರೀಕ್ಷೆ ಅಲ್ಲ

1988ರಲ್ಲಿ ಅಮೆರಿಕದ ಮನೋವಿಜ್ಞಾನಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಎರಡು, ಎರಡೂವರೆ ವರ್ಷದ ಆಸುಪಾಸಿನ ಮಕ್ಕಳಿಗೆ ಅಪ್ಪ ಅಮ್ಮ ಮನೆಯಲ್ಲಿ ಒಂದು ತಿಂಗಳು ಓದಿ ಹೇಳಿದರು. ಎರಡು ಗುಂಪಿನವರೂ ಓದಿದ್ದು ಹೆಚ್ಚು ಕಡಿಮೆ ಸಮನಾಗಿಯೇ. ಒಂದು ಗುಂಪಿನವರು ಮಾತ್ರ ಬಿಡಿಸಿ ಹೇಳಬೇಕಾದ ಪ್ರಶ್ನೆ ಕೇಳುತ್ತಾ, ಮಗು ಹೇಳಿದ್ದನ್ನು ಹಿಗ್ಗಿಸುತ್ತಾ ಓದಿದರು. ಆ ಮಕ್ಕಳ ಮಾತು ಮುಂದೆ ಹೋಗಿತ್ತು. ಎಷ್ಟು ಓದಿದಿರಿ ಅನ್ನುವುದರ ಜೊತೆಗೆ ಹೇಗೆ ಓದಿದಿರಿ ಅನ್ನುವುದನ್ನೂ ನೋಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೇ.

ಸುಲಭದಿಂದ ಶುರು ಮಾಡಿ. "ಗುಬ್ಬಕ್ಕಾ ಗುಬ್ಬಕ್ಕಾ, ಬಾಗಿಲು..." ಅಂತ ನಿಲ್ಲಿಸಿ ಮಗುವಿನ ಮುಖ ನೋಡಿ. ಅದು ತುಂಬುತ್ತದೆ. ಆಮೇಲೆ ಕಣ್ಣಿಗೆ ಕಾಣುವುದನ್ನು ಕೇಳಿ: "ಕಾಗಕ್ಕನ ಮನೆ ಯಾವುದರದ್ದು?" ಇದು ಬಂದ ಮೇಲಷ್ಟೇ ಯಾಕೆ, ಹೇಗೆ. "ಕಾಗಕ್ಕ ಯಾಕೆ ನಡುಗುತ್ತಿದ್ದಾಳೆ?" ಕೊನೆಗೆ ಪುಸ್ತಕದಲ್ಲಿ ಬರೆದೇ ಇಲ್ಲದ್ದು: "ಗುಬ್ಬಕ್ಕ ಕೂಡಲೇ ಯಾಕೆ ಬಾಗಿಲು ತೆಗೆಯಲಿಲ್ಲ?"

ಈ ಕೊನೆಯ ಪ್ರಶ್ನೆಗೆ ಸರಿ ಉತ್ತರ ಒಂದೇ ಇಲ್ಲ. ಒಬ್ಬ ಹುಡುಗ "ಅವಳಿಗೆ ಕೇಳಿಸಲಿಲ್ಲ, ಮಳೆ ಸದ್ದು" ಅಂದಿದ್ದ. ಇನ್ನೊಬ್ಬಳು "ಪಾಪುಗೆ ಸ್ನಾನ ಮಾಡಿಸುವಾಗ ಬಿಟ್ಟು ಬರಕ್ಕಾಗಲ್ಲ" ಅಂದಳು. ಅವಳ ಮನೆಯಲ್ಲಿ ಆಗಷ್ಟೇ ತಮ್ಮ ಹುಟ್ಟಿದ್ದ. ಎರಡೂ ಒಳ್ಳೆಯ ಉತ್ತರ. ಆದರೆ ಮೊದಲನೆಯವನಿಗೆ ಪುಟ ತಿರುಗಿಸಿ ತೋರಿಸಬೇಕು: "ನೋಡು, ಗುಬ್ಬಕ್ಕ ಒಳಗಿಂದ ಉತ್ತರ ಕೊಟ್ಟಿದ್ದಾಳೆ. ಹಾಗಾದರೆ ಕೇಳಿಸಿತ್ತಾ?" ತಪ್ಪು ಅನ್ನಬೇಡಿ. ಕಥೆಗೇ ವಾಪಸ್ ಕಳಿಸಿ. ಅರ್ಥ ಮಾಡಿಕೊಳ್ಳುವುದು ಅಂದರೆ ಇದೇ ಅಭ್ಯಾಸ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ನಮಗೆ ಆ ಮೌನ ಸಹಿಸಲು ಆಗುವುದಿಲ್ಲ, ಎರಡು ಎಣಿಸುವುದರೊಳಗೆ ನಾವೇ ಉತ್ತರ ಹೇಳಿಬಿಡುತ್ತೇವೆ. ಮಗುವಿಗೆ ಪದ ಹುಡುಕಲು ಸಮಯ ಬೇಕು.

ಮಗು ಹೇಳಿದ್ದನ್ನು ಒಂದು ಹೆಜ್ಜೆ ಬೆಳೆಸಿ. ಅದು "ಮನೆ ಹೋಯ್ತು" ಅಂದರೆ ನೀವು "ಹೌದು, ಸಗಣಿ ಮನೆ ನೀರಲ್ಲಿ ಕೊಚ್ಚಿಹೋಯ್ತು" ಅನ್ನಿ. ಹಾಗೆಯೇ ಹೇಳು ಅಂತ ಒತ್ತಾಯ ಬೇಡ. ಒಂದು ಓದಿಗೆ ನಾಲ್ಕೈದು ಪ್ರಶ್ನೆ ಮೀರಬಾರದು. ಮೀರಿದರೆ ಕಥೆ ಸಾಯುತ್ತದೆ.

ಹಂತ 6: ಐದನೇ ದಿನ ಮಗು ಹೇಳಲಿ, ನೀವು ಕೇಳಿ

ನಾಲ್ಕನೇ ದಿನ ಸುಮ್ಮನೆ ಓದಿ ಅಥವಾ ಬಿಟ್ಟುಬಿಡಿ. ಐದನೇ ದಿನ ನಾಲ್ಕು ತುಂಡು ಕಾಗದದ ಮೇಲೆ ಚಿತ್ರ ಬರೆಯಿರಿ: ಎರಡು ಮನೆ, ಮಳೆ, ಬಾಗಿಲು ಬಡಿಯುವ ಕಾಗೆ, ಬಾಗಿಲು ತೆಗೆದ ಗುಬ್ಬಿ. ಗೀಚಿದಂತಿದ್ದರೂ ಸಾಕು. ಕಲಸಿ ಮಗುವಿನ ಮುಂದಿಟ್ಟು, ಸಾಲಾಗಿ ಜೋಡಿಸಿ ಕಥೆ ಹೇಳಲು ಹೇಳಿ. ಮಧ್ಯೆ ಬಾಯಿ ಹಾಕಬೇಡಿ. ನಿಂತುಹೋದರೆ ಮುಂದಿನ ಚಿತ್ರ ಮುಟ್ಟಿ ತೋರಿಸಿ.

ಕಿವಿಗೊಟ್ಟು ಕೇಳಬೇಕಾದದ್ದು ಒಂದಿದೆ. ಸಣ್ಣ ಮಕ್ಕಳು ಎಲ್ಲವನ್ನೂ "ಆಮೇಲೆ, ಆಮೇಲೆ" ಅಂತ ಪೋಣಿಸುತ್ತಾರೆ. "ಮಳೆ ಬಂತು, ಆಮೇಲೆ ಮನೆ ಹೋಯ್ತು, ಆಮೇಲೆ ಬಾಗಿಲು ಬಡಿದ್ಳು." ಒಂದು ದಿನ ಅದೇ ಮಗು "ಮನೆ ಹೋಯ್ತು, ಅದಕ್ಕೇ ಬಾಗಿಲು ಬಡಿದ್ಳು" ಅನ್ನುತ್ತದೆ. ಆಮೇಲೆ ಹೋಗಿ ಅದಕ್ಕೇ ಬಂದ ದಿನ ಮಗುವಿಗೆ ಕಥೆಯ ಕಾರಣ ಸಿಕ್ಕಿತು ಅಂತ ತಿಳಿಯಿರಿ. ನನಗೆ ಇದಕ್ಕಿಂತ ಖುಷಿ ಕೊಡುವ ಗುರುತು ಇನ್ನೊಂದಿಲ್ಲ. ನೀವು ಓದುವಾಗ ಅದಕ್ಕೇ, ಆದರೆ, ಅಷ್ಟರಲ್ಲಿ ಅನ್ನುವ ಪದಗಳನ್ನು ಸ್ವಲ್ಪ ಒತ್ತಿ ಓದಿದರೆ ಆ ದಿನ ಬೇಗ ಬರುತ್ತದೆ.

ಈ ಕಥೆಯ ಕೊನೆ ಊರಿಗೊಂದು ತರ ಇದೆ. ಕೆಲವು ಕಡೆ ಗುಬ್ಬಕ್ಕ ಒಳಗೆ ಕರೆದು ಊಟ ಹಾಕುತ್ತಾಳೆ, ಕೆಲವು ಕಡೆ ಕಾಗಕ್ಕನಿಗೆ ಪೆಟ್ಟು ಬೀಳುತ್ತದೆ. ಮಗು ತನಗೆ ಬೇಕಾದ ಕೊನೆ ಕಟ್ಟಿದರೆ ತಿದ್ದಬೇಡಿ. "ಯಾಕೆ ಹಾಗಾಯ್ತು?" ಅಂತ ಮಾತ್ರ ಕೇಳಿ.

ತರಗತಿಯಲ್ಲಿ ಇಪ್ಪತ್ತೈದು ಮಕ್ಕಳಿದ್ದರೆ ಎಲ್ಲರಿಂದಲೂ ಹೇಳಿಸಲು ಆಗುವುದಿಲ್ಲ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ. ಒಬ್ಬರು ಕಾಗಕ್ಕ, ಒಬ್ಬರು ಗುಬ್ಬಕ್ಕ. ಗಲಾಟೆ ಆಗುತ್ತದೆ, ಆಗಲಿ. ನೀವು ಮಧ್ಯೆ ಓಡಾಡಿ ಮಾತಾಡದೆ ಕೂತವರ ಪಕ್ಕ ಕೂರಿ.

ಹಂತ 7: ಪದವನ್ನು ಪುಸ್ತಕದಿಂದ ಮನೆಗೆ ತನ್ನಿ

ಪುಸ್ತಕದಲ್ಲೇ ಉಳಿದ ಪದ ಹದಿನೈದು ದಿನದಲ್ಲಿ ಮರೆತುಹೋಗುತ್ತದೆ. ನಾಲ್ಕು ಪದಗಳನ್ನು ಕಾಗದದಲ್ಲಿ ಬರೆದು ಅಡುಗೆಮನೆಯಲ್ಲಿ ಅಂಟಿಸಿ. ಇದು ಮಗುವಿಗಲ್ಲ, ನಿಮಗೆ. ಶಾಲೆಯಿಂದ ನೆನೆದು ಬಂದಾಗ "ಏನೋ, ತೊಯ್ದು ತೊಪ್ಪೆಯಾಗಿದ್ದೀಯಲ್ಲ!" ಅನ್ನಿ. ಬೀದಿ ನಾಯಿ ಮೆಟ್ಟಿಲ ಕೆಳಗೆ ಮಲಗಿದ್ದರೆ "ಅದಕ್ಕೂ ಆಸರೆ ಬೇಕು ಅಲ್ವಾ?" ಅನ್ನಿ. ಅಜ್ಜಿಗೂ ಹೇಳಿಡಿ, ಅವರ ಬಾಯಲ್ಲಿ ಇವು ಸಲೀಸಾಗಿ ಬರುತ್ತವೆ.

ಮಗು ಪದವನ್ನು ತಪ್ಪು ಜಾಗದಲ್ಲಿ ಬಳಸಿದರೆ ನಗಬೇಡಿ, ನೆಂಟರ ಮುಂದೆ ಹೇಳಿ ನಗಿಸಲೂ ಬೇಡಿ. ಒಂದು ಮಗು "ನನ್ನ ಪೆನ್ಸಿಲ್ ಕೊಚ್ಚಿಹೋಯ್ತು" ಅಂದಿತ್ತು, ಕಳೆದುಹೋಯ್ತು ಅನ್ನಲು. ಅದು ಪದವನ್ನು ಪರೀಕ್ಷೆ ಮಾಡಿ ನೋಡುತ್ತಿದೆ. "ಪೆನ್ಸಿಲ್ ಕಳೆದುಹೋಯ್ತಾ? ನೀರಲ್ಲಿ ಹೋಗಿದ್ದರೆ ಕೊಚ್ಚಿಹೋಗ್ತಿತ್ತು" ಅಂದರೆ ಸಾಕು.

ಈ ಗುರುತು ಕಂಡರೆ ನಿಲ್ಲಿಸಿ ಯೋಚಿಸಿ

ಎಲ್ಲದಕ್ಕೂ "ಹ್ಞೂಂ" ಅನ್ನುವುದು. "ಕಾಗಕ್ಕನ ಮನೆ ಕಲ್ಲಿಂದಾ?" ಅಂತ ಬೇಕೆಂದೇ ತಪ್ಪು ಕೇಳಿ. ಅದಕ್ಕೂ ಹ್ಞೂಂ ಬಂದರೆ ಮಗು ನಿಮ್ಮನ್ನು ಖುಷಿಪಡಿಸುತ್ತಿದೆ ಅಷ್ಟೇ. ಹಂತ 3ಕ್ಕೆ ವಾಪಸ್ ಹೋಗಿ.

ಸಾಲು ಸಾಲು ಬಾಯಿಪಾಠ ಹೇಳುತ್ತದೆ, ಆದರೆ ಚಿತ್ರ ಜೋಡಿಸಲು ಬರುವುದಿಲ್ಲ. ಇದನ್ನು ಕಂಡು ಅಪ್ಪ ಅಮ್ಮ ಹಿಗ್ಗುತ್ತಾರೆ, ಮೋಸ ಹೋಗುವುದೂ ಇಲ್ಲೇ. ಸದ್ದು ಕೂತಿದೆ, ಅರ್ಥ ಕೂತಿಲ್ಲ. ಗೊಂಬೆ ಹಿಡಿದು ಕಥೆ ಆಡಿಸಿ.

ಪುಸ್ತಕ ತೆಗೆದ ಕೂಡಲೇ ಓಡಿಹೋಗುತ್ತದೆ. ಪ್ರಶ್ನೆ ಜಾಸ್ತಿಯಾಗಿದೆ, ಅಥವಾ ಹಸಿವು, ನಿದ್ದೆ. ಒಂದು ವಾರ ಪ್ರಶ್ನೆಯೇ ಇಲ್ಲದೆ ಓದಿ. ಹೊತ್ತು ಬದಲಿಸಿ ನೋಡಿ. ಎಷ್ಟೋ ಮಕ್ಕಳಿಗೆ ರಾತ್ರಿಗಿಂತ ಸಂಜೆ ತಿಂಡಿ ಹೊತ್ತು ಒಳ್ಳೆಯದು.

ಇನ್ನೊಂದು ಗುರುತನ್ನು ಮುಂದೂಡಬೇಡಿ. ನಾಲ್ಕು ವರ್ಷ ದಾಟಿದ ಮಗು ಕಥೆಯಲ್ಲಷ್ಟೇ ಅಲ್ಲ, ದಿನದ ಮಾತಿನಲ್ಲೂ "ಚಪ್ಪಲಿ ಬಿಟ್ಟು ಕೈ ತೊಳ್ಕೊಂಡು ಬಾ" ಅನ್ನುವ ಎರಡು ಕೆಲಸದ ಮಾತು ಹಿಡಿಯದಿದ್ದರೆ, ಪದೇ ಪದೇ "ಆಂ?" ಅನ್ನುತ್ತಿದ್ದರೆ, ಬೆನ್ನು ತಿರುಗಿಸಿ ಕರೆದರೆ ತಿರುಗದಿದ್ದರೆ, ಮೊದಲು ಕಿವಿ ತೋರಿಸಿ. ಮತ್ತೆ ಮತ್ತೆ ನೆಗಡಿ ಆಗುವ ಮಕ್ಕಳಲ್ಲಿ ಕಿವಿಯೊಳಗೆ ನೀರು ನಿಂತು ಮಾತು ಮಂದವಾಗಿ ಕೇಳಿಸುವುದುಂಟು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತು ಎರಡನ್ನೂ ನೋಡುತ್ತಾರೆ. ಕೇಳಿಸದ ಮಗುವಿಗೆ ಎಷ್ಟು ಚೆನ್ನಾಗಿ ಓದಿದರೂ ಪದ ಸಿಗುವುದಿಲ್ಲ.

ಮುಂದಿನ ಕಥೆಗೆ ಯಾವಾಗ?

ಆರಿಸಿದ ನಾಲ್ಕರಲ್ಲಿ ಎರಡು ಪದವನ್ನಾದರೂ ಮಗು ನೀವು ಹೇಳಿಕೊಡದೆ ತಾನೇ ಬಳಸಿದಾಗ. ಕೆಲವರಿಗೆ ವಾರ, ಕೆಲವರಿಗೆ ಮೂರು ವಾರ. ಮಗು ಇನ್ನೂ ಅದೇ ಬೇಕು ಅಂತ ಅಂಗಲಾಚಿದರೆ ಅದನ್ನೇ ಓದಿ. ಹೊಸ ಕಥೆ ಶುರು ಮಾಡಿದ ಮೇಲೂ ಹಳೆಯ ಪುಸ್ತಕವನ್ನು ಮಗುವಿನ ಕೈಗೆಟುಕುವ ಜಾಗದಲ್ಲೇ ಇಡಿ. ಒಂದು ಮಧ್ಯಾಹ್ನ ಅದೇ ತೆಗೆದುಕೊಂಡು ಗೊಂಬೆಗೋ ತಮ್ಮನಿಗೋ ಓದಿ ಹೇಳಲು ಕೂರುತ್ತದೆ. ಆಗ ಹತ್ತಿರ ಹೋಗಬೇಡಿ. ಪಕ್ಕದ ಕೋಣೆಯಿಂದ ಕೇಳಿಸಿಕೊಳ್ಳಿ.